ನಿಧಾನ ಓಟದ ಊರಿನಲ್ಲಿ ಒಂಬತ್ತು ದಿನ

ಹೊರಡುವ ಮುನ್ನ, ಘಾಟಬೋರಾಳ

ನಾನು ಕೀನ್ಯಾಕ್ಕೆ ಸಿಂಹ ನೋಡಲು ಹೋಗಿದ್ದೆ ಎಂದು ಬಸವಕಲ್ಯಾಣದ ನಮ್ಮ ಓಣಿಯವರು ಈಗಲೂ ನಂಬಿದ್ದಾರೆ. ಸಿಂಹ ಇರಲಿ, ಅಲ್ಲಿ ಒಂದು ಮಂಗ ಕೂಡ ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ನೋಡಿದ್ದು ಮನುಷ್ಯರನ್ನು, ಅದರಲ್ಲೂ ಮಟಮಟ ಮಧ್ಯಾಹ್ನ ಹೊದ್ದು ಮಲಗಿದ ಮನುಷ್ಯರನ್ನು. ಇದನ್ನು ಹೇಳಿದಾಗ ಕೇಳುವವರ ಮುಖ ಸಪ್ಪಗಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ, ಬರೆಯುವಾಗ ಮುಖ ಕಾಣುವುದಿಲ್ಲ.

ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮನೆ ಬಸವಕಲ್ಯಾಣದಲ್ಲಿ. ದಿನಕ್ಕೆ ಎರಡು ಸಲ ಬಸ್ಸಿನಲ್ಲಿ ಸಾಗುವ ಈ ಮೂವತ್ತು ಕಿಲೋಮೀಟರನ್ನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಎರಡು ತಾಸು ಹತ್ತು ನಿಮಿಷದಲ್ಲಿ ಓಡಿ ಮುಗಿಸಿದ್ದೆ. ಹಾಗೆಂದು ನನ್ನ ನೆನಪು. ರಾಜೇಶ್ವರದ ಸ್ಟಾಪು ಬಂದಾಗಲೆಲ್ಲ ಪಕ್ಕದ ಸೀಟಿನವರಿಗೆ ಇದನ್ನು ಹೇಳುತ್ತೇನೆ. ಕೆಲವರು ಎರಡೆರಡು ಸಲ ಕೇಳಿಸಿಕೊಂಡಿದ್ದಾರೆ. ಆ ದಿನ ನನ್ನ ಜೊತೆ ಓಡಿದವನು ಘಾಟಬೋರಾಳದ ಸಿದ್ರಾಮ. ಪದವಿಯ ಕೊನೆಯ ವರ್ಷ ನಾನು ಅವರ ಮನೆಯಲ್ಲೇ ಉಳಿದು ಓದಿದೆ. ಮುಂದೆ ನಾನು ಧಾರವಾಡಕ್ಕೆ ಎಂ.ಎಸ್ಸಿ. ಮಾಡಲು ಹೋದೆ, ಅವನು ಹೊಲಕ್ಕೆ ಹೋದ.

ಸಿದ್ರಾಮನ ಮಗಳು ಸವಿತಾ ಈಗ ನಮ್ಮ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ. ಚೆನ್ನಾಗಿ ಓಡುತ್ತಾಳೆ. ಕಳೆದ ವರ್ಷ ವಿಶ್ವವಿದ್ಯಾಲಯದ ಗುಡ್ಡಗಾಡು ಓಟದ ಆಯ್ಕೆಯಲ್ಲಿ ಎಂಟನೆಯವಳಾಗಿ ಬಂದಳು. ತಂಡಕ್ಕೆ ಬೇಕಾಗಿದ್ದದ್ದು ಆರು ಜನ. ಈ ವರ್ಷ ಅವಳನ್ನು ಆ ಆರರೊಳಗೆ ತರುತ್ತೇನೆಂದು ನಾನಾಗಿಯೇ ಹೆಗಲು ಕೊಟ್ಟೆ. ಯಾರೂ ಕೇಳಿರಲಿಲ್ಲ. ಕಂಪ್ಯೂಟರಿನಲ್ಲಿ ವಾರದ ಏಳು ದಿನಕ್ಕೆ ಏಳು ಬಣ್ಣ ಹಾಕಿ ತರಬೇತಿಯ ಪಟ್ಟಿ ಮಾಡಿದೆ. ನನ್ನ ಎರಡು ತಾಸು ಹತ್ತು ನಿಮಿಷವನ್ನು ಅಳತೆಗೋಲಾಗಿ ಇಟ್ಟುಕೊಂಡು, ಅದರಿಂದ ಅವಳ ವೇಗ ಲೆಕ್ಕ ಹಾಕಿದೆ. ವಾರದ ಆರು ದಿನವೂ ಕಿಲೋಮೀಟರಿಗೆ ಐದು ನಿಮಿಷ, ಇಲ್ಲವೇ ಅದಕ್ಕೂ ಜೋರು. ಪಟ್ಟಿಗೆ ಲ್ಯಾಮಿನೇಷನ್ ಮಾಡಿಸಿ ಸಿದ್ರಾಮನ ಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ, ನಾನೇ ಮೊಳೆ ಹೊಡೆದೆ.

ಮೂರನೆಯ ತಿಂಗಳಿಗೆ ಅವಳ ಬಲಗಾಲಿನ ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತು. ಹುಮನಾಬಾದಿನ ಡಾಕ್ಟರು ಒತ್ತಿ ನೋಡಿ, ಹೀಗೇ ಬಿಟ್ಟರೆ ಎಲುಬು ಸೀಳಬಹುದು, ಒಂದು ವಾರ ಬಿಟ್ಟು ಹಗುರವಾಗಿ ಶುರು ಮಾಡು ಎಂದರು. ನಾನು ಅವರ ಮನೆಗೆ ಹೋದಾಗ ಸಿದ್ರಾಮ ಎತ್ತುಗಳಿಗೆ ಮೇವು ಹಾಕುತ್ತಿದ್ದ.

"ಲೇ ಮಾಸ್ತರ, ನಿನ್ನ ಹಾಳಿ ಗ್ವಾಡಿಮ್ಯಾಲ ಭಾಳ ಛಂದ ಕಾಣ್ತದ. ಹುಡುಗಿ ಕಾಲು ಮಾತ್ರ ಛಂದ ಕಾಣವಲ್ದು."

"ಅದಕ್ಕೇನಾಗ್ತದ? ನಮ್ಮ ಕಾಲದಾಗ ನಾವು ದಿನಾ ಓಡಲಿಲ್ಲೇನು, ಎದಿ ಒಡಿಯೋ ಹಂಗ? ನಮಗೇನರ ಆಯ್ತೇನು?"

"ದಿನಾ?" ಎಂದ ಸಿದ್ರಾಮ.

"ದಿನಾ!" ಎಂದೆ ನಾನು.

ಅವನು ನನ್ನ ಮುಖ ನೋಡಿದ, ಆಮೇಲೆ ಎತ್ತಿನ ಮುಖ ನೋಡಿದ. ಎತ್ತಿನದೇ ಹೆಚ್ಚು ನಂಬಿಕೆಗೆ ತಕ್ಕದ್ದು ಎನ್ನಿಸಿತೇನೋ, ಎತ್ತಿಗೇ ಹೇಳಿದ: "ದಸರಾ ಆದಮ್ಯಾಲ ಆಯ್ಕಿ ಓಟ ಅದ. ಅಷ್ಟೊತ್ತಿಗೆ ಕಾಲು ಬರೋಬರ್ ಆಗಲಿಲ್ಲಂದ್ರ ಬೂಟು ಕಟ್ಟಿ ಮಾಳಿಗಿಮ್ಯಾಲ ಇಡ್ತೀನಿ. ಓಟ ಖತಂ. ಅಕಿಗಿ ಇನ್ನಾ ಮುಂದ ನಡ್ಯಾಡೋದದ."

ಸವಿತಾ ಒಳಗಿನಿಂದ ಬಂದು, "ಅಪ್ಪನ ಮಾತು ಬಿಡ್ರಿ ಕಾಕಾ, ನಾ ಹಾಳಿ ಪ್ರಕಾರನೇ ಮಾಡಾಕತ್ತೇನಿ" ಎಂದಳು. ಅವಳು ಹೊಸ್ತಿಲು ದಾಟುವಾಗ ಎಡಗಾಲನ್ನೇ ಮುಂದಿಟ್ಟದ್ದನ್ನು ನಾನು ನೋಡಿದೆ. ಯಾರೂ ಕೇಳದ ನನ್ನ ವಿದ್ಯೆಯ ಮೇಲೆ ಆ ಹುಡುಗಿ ಕಾಲಿಟ್ಟು ನಿಂತಿದ್ದಳು.

ನೈರೋಬಿಯಲ್ಲಿ ಗಣಿತ ಕಲಿಸುವವರ ಸಮ್ಮೇಳನಕ್ಕೆ ಕರೆ ಬಂದದ್ದು ಅದೇ ಹೊತ್ತಿಗೆ. ಅದರ ಮುಂದೆ ಒಂಬತ್ತು ದಿನದ ರಜೆ ಜೋಡಿಸಿ, ಓಟಗಾರರ ಊರೆಂದು ಹೆಸರಾದ ಇಟೆನ್‌ಗೆ ಹೋಗುವುದೆಂದು ತೀರ್ಮಾನಿಸಿದೆ. ಸವಿತಾಳಿಗೆ 'ಹಗುರ' ಪಟ್ಟಿಯೊಂದನ್ನು ಬರೆದುಕೊಟ್ಟೆ: ಎಂಟು ಕಿಲೋಮೀಟರಿನ ಬದಲು ಆರು. ವೇಗ ಅದೇ.

ನೈರೋಬಿಯಿಂದ ಮೇಲಕ್ಕೆ

ಸಮ್ಮೇಳನದಲ್ಲಿ ನನ್ನ ಪ್ರಬಂಧಕ್ಕೆ ಹತ್ತು ನಿಮಿಷ ಕೊಟ್ಟಿದ್ದರು. ಎಂಟನೆಯ ನಿಮಿಷಕ್ಕೆ ಗಂಟೆ ಬಾರಿಸಿದರು. ಅದರ ಬಗ್ಗೆ ಇಷ್ಟು ಸಾಕು.

ಬೆಟ್ಟದ ಕಡೆಗೆ ಹೋಗುವ ವ್ಯಾನಿಗೆ ಅಲ್ಲಿ ಮಟಾಟು ಎನ್ನುತ್ತಾರೆ. ಹತ್ತಿ ಕೂತ ಐದು ನಿಮಿಷಕ್ಕೆ ನನಗೆ ನಮ್ಮ ಕಡೆ ಮುಡಬಿಗೆ ಹೋಗುವ ಆಟೊ ನೆನಪಾಯಿತು. ಕಂಡಕ್ಟರು ಬಾಗಿಲಿಗೆ ಜೋತು ಬಿದ್ದು ತಗಡು ಬಡಿಯುವುದು, 'ಇನ್ನೊಬ್ಬರಿಗೆ ಜಾಗ ಇದೆ' ಎಂದು ಇಲ್ಲದ ಜಾಗ ತೋರಿಸುವುದು, ನನ್ನ ಚೀಲವನ್ನು ನನ್ನನ್ನು ಕೇಳದೆ ಯಾರದೋ ತೊಡೆಯ ಮೇಲೆ ಇಡುವುದು, ಎಲ್ಲ ಒಂದೇ. ಮುಡಬಿಯ ಆಟೊದಲ್ಲಿ ಚಾಲಕನ ಎರಡೂ ಪಕ್ಕಕ್ಕೆ ಜನ ಕೂರುತ್ತಾರೆ. ಇಲ್ಲಿ ಚಾಲಕನಿಗೆ ಅವನದೇ ಒಂದು ಸೀಟು ಬಿಟ್ಟಿದ್ದರು. ಫರಕು ಅಷ್ಟೇ.

ಪಕ್ಕದಲ್ಲಿ ಎಲೆಕೋಸಿನ ಚೀಲ ಹಿಡಿದು ಕೂತ ಹೆಂಗಸು 'ಹಬಾರಿ' ಎಂದಳು. ಏನು ಸಮಾಚಾರ ಎಂದರ್ಥ. ನಮ್ಮ 'ಖಬರು' ಆಫ್ರಿಕಾಕ್ಕೆ ಬಂದು ಸ್ವಲ್ಪ ಮೆತ್ತಗಾಗಿದೆ, ಅಷ್ಟೇ. ಆಮೇಲೆ ದಾರಿಯುದ್ದಕ್ಕೂ ಕಿಟಕಿಯಿಂದ ಬೋರ್ಡುಗಳನ್ನು ಓದುತ್ತ ಹೋದೆ: ಅಂಗಡಿಗೆ ದುಕಾ, ಔಷಧಕ್ಕೆ ದಾವಾ, ಪುಸ್ತಕಕ್ಕೆ ಕಿತಾಬು, ಸಾಬೂನಿಗೆ ಸಾಬುನಿ. ಧಾರವಾಡದಲ್ಲಿ ಓದುವಾಗ ನನ್ನ ಬೀದರ ಕಡೆಯ ಮಾತು ಕೇಳಿ 'ಇದೆಂಥ ಕನ್ನಡ ಮಾರಾಯ' ಎಂದು ನಗುತ್ತಿದ್ದ ಗೆಳೆಯರನ್ನು ಒಮ್ಮೆ ಈ ಮಟಾಟುವಿನಲ್ಲಿ ಕೂರಿಸಬೇಕು. ಅವರಿಗೆ ಇಲ್ಲಿ ಸೋಪು ಕೂಡ ಸಿಗುತ್ತಿರಲಿಲ್ಲ.

ಮೇಲೆ ಹತ್ತಿದಂತೆ ಮಣ್ಣು ಕೆಂಪಾಯಿತು. ಬಸವಕಲ್ಯಾಣದ ಸುತ್ತ ಎತ್ತರದ ಹೊಲಗಳಲ್ಲಿ ಇರುವಂಥದ್ದೇ ಕೆಂಪು; ಬಿಳಿ ಅಂಗಿಗೆ ಅಂಟಿದರೆ ಅಂಗಿಯ ಜೊತೆಗೇ ಹೋಗುವಂಥದ್ದು. ನಾನು ಬಿಳಿ ಅಂಗಿಯನ್ನೇ ಹಾಕಿದ್ದೆ.

ಉಳಿದುಕೊಳ್ಳಲು ಗೊತ್ತು ಮಾಡಿದ್ದ ಮನೆ ಗ್ರೇಸ್ ಎಂಬಾಕೆಯದು. ನಲವತ್ತೈದರ ಆಸುಪಾಸು, ಒಂದು ಕಾಲದ ಓಟಗಾರ್ತಿ. ಈಗ ಮನೆಯ ಹಿಂದಿನ ಸಾಲುಕೋಣೆಗಳಲ್ಲಿ ಹದಿನೈದು ಇಪ್ಪತ್ತು ಜನ ಓಟಗಾರರನ್ನು ಇಟ್ಟುಕೊಂಡು ತರಬೇತಿ ಕೊಡುತ್ತಾಳೆ. ಗೇಟಿನಿಂದ ಬಾಗಿಲಿಗೆ ಹನ್ನೆರಡು ಮೆಟ್ಟಿಲು. ಆ ಎತ್ತರದ ತೆಳುಗಾಳಿಯಲ್ಲಿ ಎಂಟನೆಯ ಮೆಟ್ಟಿಲಿಗೇ ನನಗೆ ಏದುಸಿರು ಬಂತು.

"ಪ್ರೊಫೆಸರ್, ನೀವು ಓಟದ ಬಗ್ಗೆ ತಿಳಿಯಲು ಬಂದವರಲ್ಲವೇ?" ಎಂದಳು ಮೇಲಿನಿಂದ.

"ಹೌದು."

"ಮೊದಲು ಮೆಟ್ಟಿಲು ಮುಗಿಸಿ."

ನಾವು ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ಆ ಧಾಟಿ ನನಗೆ ಹೊಸದಲ್ಲ. ಘಾಟಬೋರಾಳದಲ್ಲಿ ಸಿದ್ರಾಮನ ಅವ್ವ ನನ್ನ ಜೊತೆ ಹೀಗೆಯೇ ಮಾತಾಡುತ್ತಿದ್ದಳು.

ಮೊದಲ ದಿನ, ಹನ್ನೆರಡು ಗಂಟೆ

ಅಂಗಳದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವರ ಭಾಷೆಯಲ್ಲಿ ಏನೋ ಬರೆದಿತ್ತು. ಜೇಬಿನ ಪುಟ್ಟ ನಿಘಂಟು ತೆಗೆದು ಪದಕ್ಕೆ ಪದ ಜೋಡಿಸಿದೆ: 'ನಾಳೆ. ನಿಧಾನ ಓಟ. ಗಂಟೆ 12.'

ಮಧ್ಯಾಹ್ನ ಹನ್ನೆರಡಕ್ಕೆ ಓಟ! ನೆತ್ತಿಯ ಮೇಲೆ ಬಿಸಿಲು ಇರುವಾಗ! ಗುಟ್ಟು ಸಿಕ್ಕಿತು ಎಂದುಕೊಂಡೆ. ಇವರು ಗೆಲ್ಲುವುದು ಹೀಗೆ, ಬಿಸಿಲಿನಲ್ಲಿ ಮೈ ಸುಟ್ಟುಕೊಂಡು. ಸವಿತಾಳಿಗೂ ಮಧ್ಯಾಹ್ನದ ಓಟ ಸೇರಿಸಬೇಕೆಂದು ಡೈರಿಯಲ್ಲಿ ಗುರುತು ಹಾಕಿಕೊಂಡು, ತೃಪ್ತಿಯಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ ಮಲಗಿದೆ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಬೂಟು ಕಟ್ಟಿ, ಟೋಪಿ ಹಾಕಿ, ಸಾಲುಕೋಣೆಗಳ ಅಂಗಳಕ್ಕೆ ಹೋದೆ. ನರಪಿಳ್ಳೆ ಇಲ್ಲ. ಬೇಲಿಯ ಗೂಟಗಳಿಗೆ ಕೆಂಪು ಧೂಳು ಹತ್ತಿದ ಬೂಟುಗಳನ್ನು ಸಿಕ್ಕಿಸಿದ್ದರು. ಒಂದು ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಇಣುಕಿದರೆ ನಾಲ್ಕು ಮಂಚ, ನಾಲ್ಕು ಕಂಬಳಿ, ನಾಲ್ಕು ತರದ ಗೊರಕೆ. ಪಕ್ಕದ ಕೋಣೆಯಲ್ಲೂ ಅದೇ. ನಾನು ಕೆಮ್ಮಿದೆ. ಒಂದು ಕಂಬಳಿ ಮಗ್ಗುಲಾಯಿತು.

ಹಿಂದಿನಿಂದ ಗ್ರೇಸ್ ಪಿಸುಗುಟ್ಟಿದಳು: "ಏನು ಮಾಡುತ್ತಿದ್ದೀರಿ?"

"ಹನ್ನೆರಡು ಗಂಟೆಯ ಓಟಕ್ಕೆ ಬಂದೆ."

ಅವಳು ನನ್ನ ಟೋಪಿ ನೋಡಿ, ಹಲಗೆ ನೋಡಿ, ಸೆರಗಿಲ್ಲದ್ದರಿಂದ ಬಾಯಿಗೆ ಏಪ್ರನ್ ಒತ್ತಿಕೊಂಡು ನಗತೊಡಗಿದಳು. ಆ ನಾಡಿನಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದಲ್ಲಿಂದ. ನಮ್ಮ ಬೆಳಗಿನ ಏಳು ಅವರಿಗೆ ಒಂದು. ನಮ್ಮ ಬೆಳಗಿನ ಆರು ಅವರ ಹನ್ನೆರಡು. ಅವರು ಓಟಕ್ಕೆ ಹೊರಟು ಆರು ತಾಸಾಗಿತ್ತು. ಓಡಿ ಬಂದು, ಚಹಾ ಕುಡಿದು, ಉಂಡು, ಈಗ ಅವರು ದಿನದ ಎರಡನೆಯ ಕೆಲಸ ಮಾಡುತ್ತಿದ್ದರು.

"ಯಾವ ಕೆಲಸ?"

"ನೋಡಿದಿರಲ್ಲ. ಮಲಗುವುದು."

"ಅದು ವಿಶ್ರಾಂತಿ."

"ನೀವು ಹಾಗೆ ಕರೆಯಬಹುದು. ಇಲ್ಲಿ ಯಾರಾದರೂ ಅದನ್ನು ತಪ್ಪಿಸಿ ಪೇಟೆಗೆ ಹೋದರೆ ಬೈಸಿಕೊಳ್ಳುತ್ತಾರೆ, ಓಟ ತಪ್ಪಿಸಿದ ಹಾಗೆಯೇ."

ಡೈರಿಯಲ್ಲಿ ಮಧ್ಯಾಹ್ನದ ಓಟದ ಗುರುತನ್ನು ಹೊಡೆದು ಹಾಕಿದೆ. ನನ್ನ ಏಳು ಬಣ್ಣದ ಪಟ್ಟಿಯಲ್ಲಿ ನಿದ್ದೆಗೆ ಒಂದು ಬಣ್ಣವೂ ಇರಲಿಲ್ಲ. ಸವಿತಾ ಬೆಳಿಗ್ಗೆ ಓಡಿ, ಬಸ್ಸು ಹಿಡಿದು ಕಾಲೇಜಿಗೆ ಬಂದು, ಮಧ್ಯಾಹ್ನ ಎರಡರ ನನ್ನ ತರಗತಿಯಲ್ಲಿ ತೂಕಡಿಸುತ್ತಿದ್ದಳು. ನಾನು ಅವಳಿಗೆ ಮುಖ ತೊಳೆದುಕೊಂಡು ಬಾ ಎನ್ನುತ್ತಿದ್ದೆ.

ಮಂಗಳವಾರ, ಮಾತಾಡುವ ಓಟ

ಮರುದಿನ ನಿಜವಾದ ಹನ್ನೆರಡಕ್ಕೆ, ಅಂದರೆ ಬೆಳಗಿನ ಆರಕ್ಕೆ, ಗೇಟಿನ ಬಳಿ ನಿಂತಿದ್ದೆ. ಚಳಿ. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿ ನಿಂತರು. ನಂತರ ಯಾರೂ ಏನೂ ಹೇಳದೆ ಗುಂಪು ಹೊರಟಿತು. ಹೊರಟಿತು ಎಂದೆನಲ್ಲ, ತೆವಳಿತು. ಐವತ್ತೊಂದು ದಾಟಿದ ನಾನು, ಮೆಟ್ಟಿಲು ಹತ್ತಲಾರದ ನಾನು, ದೇಶದೇಶಗಳಲ್ಲಿ ಓಡಿ ಗೆದ್ದವರ ನಡುವೆ ಆರಾಮಾಗಿ ಓಡುತ್ತಿದ್ದೆ! ಕೈಗಡಿಯಾರ ನೋಡಿದೆ. ಕಿಲೋಮೀಟರಿಗೆ ಏಳು ನಿಮಿಷ ಎಂದು ತೋರಿಸಿತು. ಗಡಿಯಾರ ಕೆಟ್ಟಿದೆ ಎಂದು ತೀರ್ಮಾನಿಸಿದೆ. ನನಗೆ ಸಂಶಯ ಮೊದಲು ಬರುವುದು ಯಂತ್ರದ ಮೇಲೆ, ಆಮೇಲೆ ಇತರರ ಮೇಲೆ. ನನ್ನ ಮೇಲೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಊಟದ ಹೊತ್ತಾಗಿರುತ್ತದೆ.

"ಇವರು ನನಗಾಗಿ ನಿಧಾನ ಮಾಡುತ್ತಿದ್ದಾರೆಯೇ?" ಎಂದು ಗ್ರೇಸಳನ್ನು ಕೇಳಿದೆ.

"ನಿಮ್ಮನ್ನು ಅವರು ನೋಡಿಯೂ ಇಲ್ಲ," ಎಂದಳು. "ಇದು ನಿಧಾನದ ದಿನ."

ಗುಂಪಿನಲ್ಲಿ ಒಬ್ಬ ಹುಡುಗಿ ಏನೋ ಕಥೆ ಹೇಳುತ್ತಿದ್ದಳು. ಯಾವುದೋ ಮದುವೆ, ಓಡಿಹೋದ ಕುರಿ, ಅದರ ಹಿಂದೆ ಓಡಿದ ಮದುಮಗ. ಎಲ್ಲರೂ ನಗುತ್ತ, ನಡುವೆ ಬಾಯಿ ಹಾಕುತ್ತ ಓಡುತ್ತಿದ್ದರು. ಯಾರಿಗಾದರೂ ಮಾತಾಡಲು ಉಸಿರು ಸಾಲದಿದ್ದರೆ ಅವರು ತಪ್ಪು ಮಾಡುತ್ತಿದ್ದಾರೆ ಎಂದರ್ಥವಂತೆ. ಮೂರನೆಯ ಕಿಲೋಮೀಟರಿಗೆ ನನಗೆ ಉಸಿರು ಸಾಲಲಿಲ್ಲ. ಕುರಿ ಸಿಕ್ಕಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಕೂತು ಸುಧಾರಿಸಿಕೊಳ್ಳುತ್ತಿದ್ದಾಗ ಫೋನಿನಲ್ಲಿ ಸವಿತಾಳ ದನಿ ಬಂದು ಬಿದ್ದಿತ್ತು. ಸಣ್ಣ ದನಿ. ಹಿತ್ತಲಿಗೆ ಹೋಗಿ ಮಾತಾಡಿದ್ದಳೆಂದು ತೋರುತ್ತದೆ, ಹಿನ್ನೆಲೆಯಲ್ಲಿ ಕೋಳಿ ಕೂಗುತ್ತಿತ್ತು.

"ಕಾಕಾ, ಇವತ್ತ ಆರು ಕಿಲೋಮೀಟರ್ ಓಡಿದೆ ರಿ, ನೀವು ಹೇಳಿದ ಟೈಮಿನಾಗೇ. ಮೂರನೇದಕ್ಕ ಮತ್ತ ಅದೇ ಜಾಗಾದಾಗ ಚುಚ್ಚಾಕತ್ತು. ಪೂರಾ ಮಾಡೀನಿ, ಬಿಟ್ಟಿಲ್ಲ. ಅಪ್ಪಗ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ. ಹೇಳಿದ್ರ ಬೂಟು ಇವತ್ತೇ ಮಾಳಿಗಿ ಹತ್ತತಾವ. ಏನ್ ಮಾಡ್ಲಿ?"

'ಪೂರಾ ಮಾಡೀನಿ' ಎಂದದ್ದೇ ನನಗೆ ಚುಚ್ಚಿತು. ಓಡಬೇಡ, ನಾನು ಹೇಳುವ ತನಕ ಒಂದು ಹೆಜ್ಜೆ ಕೂಡ ಓಡಬೇಡ ಎಂದು ಉತ್ತರ ಕಳಿಸಿದೆ. ಎರಡು ಗೆರೆ ನೀಲಿಯಾದವು.

ಗುರುವಾರ, ಕೆಂಪು ಧೂಳು

ಬುಧವಾರ ಮತ್ತೆ ನಿಧಾನ. ಗುರುವಾರ ಬೆಳಿಗ್ಗೆ ಗೇಟಿನ ಬಳಿ ಅದೇ ಜನ ಇದ್ದರೂ ಬೇರೆ ಜನರಂತೆ ಕಂಡರು. ಯಾರೂ ಮಾತಾಡಲಿಲ್ಲ. ಗ್ರೇಸ್ ನನ್ನ ಕೈಗೆ ಚಹಾದ ದೊಡ್ಡ ಥರ್ಮಾಸು ಕೊಟ್ಟು, ದಾರಿಯ ದಿಬ್ಬದ ಮೇಲೆ ಕೂರಿಸಿದಳು. ಎರಡು ನಿಮಿಷ ಜೋರು, ಒಂದು ನಿಮಿಷ ನಿಧಾನ. ಹೀಗೆ ಮತ್ತೆ ಮತ್ತೆ, ಆ ಏರಿಳಿತದ ಕೆಂಪು ರಸ್ತೆಯಲ್ಲಿ.

ಅವರು ನನ್ನ ಮುಂದೆ ಹಾದುಹೋದಾಗ ನನಗೆ ಕೇಳಿದ್ದು ಉಸಿರು ಮತ್ತು ಬೂಟಿನ ಸದ್ದು. ಕುರಿಯ ಕಥೆ ಹೇಳಿದ ಹುಡುಗಿ ಎರಡು ಅಡಿ ದೂರದಲ್ಲಿ ಹೋದಳು. ಅವಳ ಕಣ್ಣು ನನ್ನ ಮೇಲೆ ಬಿದ್ದು, ನಾನು ಕಲ್ಲೇನೋ ಎಂಬಂತೆ ಜಾರಿಹೋಯಿತು. ಧೂಳು ಇಳಿಯುವಷ್ಟರಲ್ಲಿ ಅವರು ಮುಂದಿನ ತಿರುವಿನಲ್ಲಿದ್ದರು.

"ಮಂಗಳವಾರ ಬುಧವಾರ ಆಮೆಯ ಹಾಗೆ ಓಡಿದರಲ್ಲ, ಇದಕ್ಕಾಗಿ," ಎಂದಳು ಗ್ರೇಸ್. "ವಾರಕ್ಕೆ ಕಷ್ಟದ ದಿನ ಎರಡೇ: ಗುರುವಾರ ಇದು, ಶನಿವಾರ ದೂರದ ಓಟ. ಉಳಿದವೆಲ್ಲ ನಿಧಾನ. ನಾಲ್ಕನೆಯ ವಾರ ಎಲ್ಲವನ್ನೂ ಅರ್ಧ ಮಾಡುತ್ತೇವೆ. ನಿಮ್ಮ ಹುಡುಗಿಯ ಪಟ್ಟಿ ತೋರಿಸಿ."

ಫೋನಿನಲ್ಲಿ ತೋರಿಸಿದೆ. ಬಣ್ಣಗಳನ್ನು ಅವಳು ಬಹಳ ಹೊತ್ತು ನೋಡಿದಳು.

"ಇದರಲ್ಲಿ ನಿಧಾನದ ದಿನ ಯಾವುದು?"

"ಹಳದಿ ಬಣ್ಣದ್ದು."

"ಇದರಲ್ಲಿ ಜೋರಿನ ದಿನ ಯಾವುದು?"

ಹಳದಿಗೂ ಕೆಂಪಿಗೂ ಇದ್ದ ಅಂತರ ಕಿಲೋಮೀಟರಿಗೆ ಹತ್ತು ಸೆಕೆಂಡು. ಆರು ದಿನವೂ ಆ ಹುಡುಗಿ ಅತ್ತ ನಿಧಾನವೂ ಅಲ್ಲದ, ಇತ್ತ ಜೋರೂ ಅಲ್ಲದ ಒಂದೇ ಓಟವನ್ನು ಆರು ಬಣ್ಣದಲ್ಲಿ ಓಡಿದ್ದಳು.

"ಆದರೆ ನಾನು ಹೀಗೆಯೇ ಓಡುತ್ತಿದ್ದೆ," ಎಂದೆ. "ದಿನಾ ಜೋರಾಗಿ. ಚೆನ್ನಾಗಿ ನೆನಪಿದೆ. ನನಗೆ ಏನೂ ಆಗಲಿಲ್ಲ."

ಗ್ರೇಸ್ ಥರ್ಮಾಸಿನ ಮುಚ್ಚಳ ತಿರುಗಿಸುತ್ತ, "ಭಾನುವಾರ ಒಂದು ವಸ್ತು ತೋರಿಸುತ್ತೇನೆ," ಎಂದಳಷ್ಟೇ.

ಭಾನುವಾರ, ಒಗೆಯುವ ದಿನ

ಭಾನುವಾರ ಯಾರೂ ಓಡುವುದಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪ್ರಾರ್ಥನೆಗೆ ಹೋಗುತ್ತಾರೆ, ಬಂದಮೇಲೆ ಅಂಗಳದಲ್ಲಿ ಸಾಲಾಗಿ ಬಕೆಟ್ ಇಟ್ಟುಕೊಂಡು ಬಟ್ಟೆ, ಬೂಟು ಒಗೆಯುತ್ತಾರೆ. ಕೆಂಪಗಾದ ನನ್ನ ಬಿಳಿ ಅಂಗಿಯನ್ನು ನಾನೂ ತಂದೆ. ಪದಕ ಗೆದ್ದ ಒಬ್ಬಾತ ನನ್ನ ಒಗೆಯುವ ರೀತಿಗೆ ಮರುಕಪಟ್ಟು ಅಂಗಿ ಕಿತ್ತುಕೊಂಡು ತಾನೇ ತಿಕ್ಕಿದ. ಕೆಂಪು ಹೋಗಲಿಲ್ಲ.

ಊಟಕ್ಕೆ ಉಗಾಲಿ. ಬಿಳಿ ಮೆಕ್ಕೆಜೋಳದ ಹಿಟ್ಟಿನದು. ನಮ್ಮ ಜೋಳದ ಸಂಗಟಿಗೆ ಅಣ್ಣನಾಗಬೇಕು, ಇನ್ನೂ ಗಟ್ಟಿ. ಜೊತೆಗೆ ಸೊಪ್ಪು. ಮಾಂಸ ಬೇಡ ಎಂದ ನನ್ನನ್ನು 'ಹುಷಾರಿಲ್ಲವೇ' ಎಂದು ಮೂವರು ಕೇಳಿದರು. ಸೋರೆಬುರುಡೆಯಲ್ಲಿ ಹುಳಿ ಬರಿಸಿದ ಹಾಲು ಕೊಟ್ಟರು. ಬುರುಡೆಯ ಒಳಗೋಡೆಗೆ ಇದ್ದಲು ತಿಕ್ಕುವುದರಿಂದ ಅದರ ಬಣ್ಣ ಬೂದು. ಕಣ್ಣು ಮುಚ್ಚಿ ಕುಡಿದರೆ ಹೊಗೆ ಹಾಕಿದ ಮಜ್ಜಿಗೆ. ಕಣ್ಣು ಬಿಟ್ಟು ಕುಡಿಯಲು ನನಗೆ ಆಗಲಿಲ್ಲ.

ಊಟವಾದ ಮೇಲೆ ಗ್ರೇಸ್ ಒಂದು ಟ್ರಂಕು ತೆರೆದು, ಶಾಲೆಯ ಮಕ್ಕಳು ಬರೆಯುವಂಥ ನೋಟ್‌ಬುಕ್ಕುಗಳ ಕಟ್ಟು ತೆಗೆದಳು. ಅವಳು ಓಡುತ್ತಿದ್ದ ಕಾಲದವು. ದಿನಕ್ಕೆ ಒಂದು ಸಾಲು, ಸಾಲಿಗೆ ಎರಡು ಮೂರು ಪದ. ಓದಿ ಹೇಳಿದಳು: "ನಿಧಾನ. ಮಳೆ. ನಿಧಾನ. ಜೋರು, ಹನ್ನೆರಡು ಸಲ. ನಿಧಾನ, ತಂಗಿಯ ಜೊತೆ. ನಿಧಾನ. ಬಟ್ಟೆ ಒಗೆದೆ."

"ಇಷ್ಟೇ?"

"ಇಷ್ಟೇ. 'ನಿಮ್ಮ ಗುಟ್ಟೇನು' ಎಂದು ಇಲ್ಲಿಗೆ ಸೈಕಲ್ಲಿನವರು ಬಂದಿದ್ದಾರೆ, ಸರೋವರದಲ್ಲಿ ದೋಣಿ ಹುಟ್ಟು ಹಾಕಿ ಪಂದ್ಯ ಆಡುವವರು ಬಂದಿದ್ದಾರೆ. ಎಲ್ಲರಿಗೂ ಇದನ್ನೇ ತೋರಿಸುತ್ತೇನೆ. ಎಲ್ಲರೂ 'ಇಷ್ಟೇ?' ಎನ್ನುತ್ತಾರೆ." ಆಮೇಲೆ ಪುಟ ಮುಚ್ಚಿ ಹೇಳಿದಳು: "ನನ್ನನ್ನು ಈಗ ಕೇಳಿದರೆ ನಾನೂ ಹೇಳುತ್ತೇನೆ, ದಿನಾ ಜೋರಾಗಿ ಓಡಿದೆ ಎಂದು. ಜೋರಿನ ದಿನಗಳಷ್ಟೇ ನನ್ನ ತಲೆಯಲ್ಲಿ ಉಳಿದಿವೆ. ನಿಧಾನದ ದಿನ ನೆನಪಿಡಲು ಅದರಲ್ಲಿ ಏನಿರುತ್ತದೆ? ಅದಕ್ಕೇ ಬರೆದಿಟ್ಟೆ."

ನಾನು ಹಿತ್ತಲಿಗೆ ಹೋಗಿ, ಒಣಗುತ್ತಿದ್ದ ಬೂಟುಗಳ ನಡುವೆ ನಿಂತು ಸಿದ್ರಾಮನಿಗೆ ಫೋನು ಮಾಡಿದೆ.

"ಸಿದ್ರಾಮ, ಒಂದು ಮಾತು ಖರೆ ಹೇಳು. ನಾವು ಆವಾಗ ದಿನಾ ಜೋರಾಗಿ ಓಡ್ತಿದ್ವೇನು?"

"ಇದನ್ನ ಕೇಳಾಕ ಆಫ್ರಿಕಾದಿಂದ ಫೋನ್ ಮಾಡಿದಿ? ಇಲ್ಲೇ ಇದ್ದಾಗ ಕೇಳಬಾರ್ದಾ? ಕೇಳಿದಿ, ನನ್ನ ಬಾಯಿ ತೆರಿಯಾಕ ಬಿಡಲಿಲ್ಲ."

"ಈಗ ತೆರಿ."

"ವಾರಕ್ಕ ಎರಡು ದಿನ ಓಡ್ತಿದ್ವಿ, ಹುಚ್ಚರ ಹಂಗ. ಉಳಕಿ ದಿನ ಮುಂಜಾನಿ ನಮ್ಮಪ್ಪ ಖಾಲಿ ಬಂಡಿ ಹೊಲಕ್ಕ ಹೊಡಕೊಂಡು ಹೋಗ್ತಿದ್ದ, ಅದರ ಹಿಂದ ಸಾವಕಾಶ ಹೋಗ್ತಿದ್ವಿ. ನೀ ಬಂಡಿ ಹಿಂದಿನ ಕಟ್ಟಿಗಿ ಹಿಡಕೊಂಡು ಕಾಲೇಜಿನ ಹುಡುಗೇರ ಸುದ್ದಿ ಹೇಳ್ಕೋತ ಬರ್ತಿದ್ದಿ. ನಮ್ಮಪ್ಪ ಕೇಳ್ಕೋತ ಇರ್ತಿದ್ದ. ಯಾದ್ ಇಲ್ಲೇನು?"

ಯಾದ್ ಇರಲಿಲ್ಲ. ಆದರೆ ಅವನು ಹೇಳಿದ ಮೇಲೆ ಅಂಗೈಯಲ್ಲಿ ಆ ಕಟ್ಟಿಗೆಯ ಒರಟು ಬಂದಹಾಗಾಯಿತು. ಅದು ನೆನಪೋ, ಈಗಷ್ಟೇ ಕೇಳಿದ ಮಾತು ನೆನಪಿನ ವೇಷ ಹಾಕಿದ್ದೋ ಹೇಳಲಾರೆ.

"ಮತ್ತ ಹುಮನಾಬಾದ್‌ಲಿಂದ ಕಲ್ಯಾಣಕ್ಕ ಎರಡು ತಾಸು ಹತ್ತು ಮಿನಿಟ? ಅದರ ಖರೆ ಅದನಿಲ್ಲೋ?"

ಅತ್ತ ಕಡೆ ನಗು ತಡೆಯುವ ಸದ್ದು. "ರಾಜೇಶ್ವರದಾಗ ಕುಂತು ಭಜಿ ತಿಂದವರು ಯಾರಪಾ?"

"ಭಜಿ?"

"ಎರಡು ಪ್ಲೇಟ ತಿಂದಿ. ಎರಡನೇದು ಬಿಸಿಬಿಸಿ ಬೇಕಂತ ಎಣ್ಣ್ಯಾಗ ಬಿಡೋತನಕ ಕುಂತಿ. ಗಡಿಯಾರ ನನ್ನ ಕೈಯಾಗಿತ್ತು. ಮುಟ್ಟಿದಮ್ಯಾಲ ನೀನೇ ಅಂದಿ, 'ಭಜಿ ಹೊತ್ತು ಓಟ ಅಲ್ಲ, ಅದನ್ನ ಕಳಿ' ಅಂತ. ಎಷ್ಟು ಕಳದಿ, ನಿನಗೇ ಗೊತ್ತು. ಲೆಕ್ಕದ ಶಾಣ್ಯಾ ನೀನು."

ಒಂದೇ ಒಂದು ಉದಾಹರಣೆ ಹಿಡಿದು ನಿಯಮ ಮಾಡಬೇಡಿ ಎಂದು ಇಪ್ಪತ್ತೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಾನು ಮಾಡಿದ ನಿಯಮ ನಿಂತಿದ್ದದ್ದು ಒಂದೇ ಓಟದ ಮೇಲೆ, ಅದರೊಳಗಿಂದ ಎರಡು ಪ್ಲೇಟು ಭಜಿಯನ್ನು ಅಂದಾಜಿನಲ್ಲಿ ಕಳೆದು. ಅದರ ಭಾರ ಹತ್ತೊಂಬತ್ತು ವರ್ಷದ ಹುಡುಗಿಯ ಕಾಲೆಲುಬಿನ ಮೇಲೆ ಬಿದ್ದಿತ್ತು.

"ಸಿದ್ರಾಮ, ಸವಿತಾನ ಕಾಲು..."

"ನನಗ ಗೊತ್ತದ. ಅಕಿ ಹೇಳಿಲ್ಲಂತ ನೀ ತಿಳಕೊಂಡೀದಿ. ಮೆಟ್ಟಲ ಇಳಿಯೋದು ನೋಡಿದ್ರ ಸಾಕು, ಹೆತ್ತವರಿಗಿ ತಿಳೀತದ."

"ಬೂಟು ಮಾಳಿಗಿಮ್ಯಾಲ ಇಟ್ಟೀದೇನು?"

"ಇನ್ನಾ ಇಲ್ಲ. ದಸರಾ ತನಕ ಅಂತ ಅಂದೀನಲ್ಲ. ನೀ ಬಾ ಮೊದಲ."

ಮತ್ತೆ ಘಾಟಬೋರಾಳ

ಬಂದ ದಿನವೇ ಗೋಡೆಯ ಮೇಲಿನ ಪಟ್ಟಿಯನ್ನು ನನ್ನ ಕೈಯಾರೆ ಇಳಿಸಿದೆ. ಲ್ಯಾಮಿನೇಷನ್ ಗಟ್ಟಿ ಇದೆ ಎಂದು ಸವಿತಾಳ ಅವ್ವ ಅದನ್ನು ನೀರಿನ ಕೊಡಕ್ಕೆ ಮುಚ್ಚಳ ಮಾಡಿಕೊಂಡಳು. ನಾಲ್ಕು ವಾರ ಸವಿತಾ ಓಡಲಿಲ್ಲ. ಸೈಕಲ್ ತುಳಿದಳು, ಮಧ್ಯಾಹ್ನ ಮಲಗಿದಳು. ನನ್ನ ಎರಡರ ತರಗತಿಗೆ ಅವಳು ಬಾರದ ದಿನಗಳಲ್ಲಿ ಅದನ್ನೂ ತರಬೇತಿ ಎಂದುಕೊಂಡು ಹಾಜರಿ ಪುಸ್ತಕದ ಎದುರು ಕಣ್ಣು ಮುಚ್ಚಿಕೊಂಡೆ. ಡಾಕ್ಟರು ಮತ್ತೆ ಒತ್ತಿ ನೋಡಿ, ಈಗ ಓಡಬಹುದು ಎಂದರು.

ಕಷ್ಟ ಬಂದದ್ದು ಆಮೇಲೆ. ನಿಧಾನ ಓಡು ಎಂದರೆ ಅವಳಿಗೆ ಆಗಲೊಲ್ಲದು. ನೂರು ಹೆಜ್ಜೆ ನಿಧಾನ, ಆಮೇಲೆ ತಾನಾಗಿ ಜೋರು. ಸಿದ್ರಾಮ ಮೊಪೆಡ್ ಹತ್ತಿ ಪಕ್ಕದಲ್ಲಿ ಬಂದು ಅವಳ ವೇಗ ತಡೆಹಿಡಿಯಲು ನೋಡಿದ. ಅಷ್ಟು ನಿಧಾನಕ್ಕೆ ಮೊಪೆಡ್ ನಿಲ್ಲದೆ ಎರಡು ಸಲ ತೊಗರಿ ಹೊಲಕ್ಕೆ ಇಳಿಯಿತು. ಎರಡನೆಯ ಸಲ ಎದ್ದು ಧೂಳು ಕೊಡವಿಕೊಂಡು, "ಥೋ, ಬಂಡಿ ಕಟ್ಟತೀನಿ ನಡಿ" ಎಂದ.

ಮರುದಿನ ಬೆಳಿಗ್ಗೆ ಅವನ ಎರಡು ದೇವಣಿ ತಳಿಯ ಎತ್ತುಗಳು ಖಾಲಿ ಬಂಡಿ ಎಳೆದುಕೊಂಡು ಸಣ್ಣ ಓಟದಲ್ಲಿ ಹೊರಟವು. ಹಿಂದೆ ಸವಿತಾ, ಅವಳ ಹಿಂದೆ ನಾನು. ಬಂಡಿ ದಾಟಿ ಹೋಗುವಂತಿಲ್ಲ, ಅದೊಂದೇ ನಿಯಮ. ಕಳೆ ತೆಗೆಯಲು ಹೊರಟ ಮುದುಕಿಯೊಬ್ಬಳು ನಿಂತು ನೋಡಿ ಕೂಗಿದಳು:

"ಏ ಸವಿತಾ, ಬಂಡಿ ತಪ್ಪಿತೇನ? ಸಿದ್ರಾಮ, ಮಗಳಿಗಿ ಹತ್ತಿಸಿಕೊಳ್ಳೋ, ನಿನಗೇನು ಕರುಣಾ ಇಲ್ಲೇನು?"

"ಆಯಿ, ನಾ ಓಡಾಕತ್ತೇನಿ!" ಎಂದಳು ಸವಿತಾ.

"ಇದಕ್ಕ ಓಡೋದು ಅಂತಾರ? ನಾ ಇದಕಿಂತ ಜಲ್ದಿ ನಡೀತೀನಿ!"

ವಾರಕ್ಕೆ ಎರಡು ದಿನ ಅವಳಿಗೆ ಬಂಡಿಯಿಂದ ಬಿಡುಗಡೆ. ಆ ದಿನಗಳಲ್ಲಿ ಅವಳು ಹೊಲದ ದಾರಿಯಲ್ಲಿ ಹೋಗುವುದನ್ನು ನೋಡಿದಾಗ ನನಗೆ ಗುರುವಾರದ ಕೆಂಪು ಧೂಳು ನೆನಪಾಗುತ್ತಿತ್ತು. ಒಂದು ನೋಟ್‌ಬುಕ್ಕು ತಂದುಕೊಟ್ಟು, ನಿಧಾನದ ದಿನಗಳನ್ನು ಮರೆಯದೆ ಬರಿ ಎಂದಿದ್ದೆ. ವೇಗದ ಲೆಕ್ಕವನ್ನು ಈ ಸಲ ಅವಳ ಪುಸ್ತಕದಿಂದಲೇ ತೆಗೆದೆ. ನನ್ನ ತಲೆಯನ್ನು ಅದರಿಂದ ದೂರ ಇಟ್ಟೆ.

ದಸರಾ ಆಗಿ ಹತ್ತು ದಿನಕ್ಕೆ ಕಲಬುರಗಿಯಲ್ಲಿ ಆಯ್ಕೆ. ಕೊನೆಯ ತಿರುವಿನಲ್ಲಿ ಹುಡುಗಿಯರೆಲ್ಲ ಒಟ್ಟಿಗೆ ನುಗ್ಗಿದರು. ಸವಿತಾ ಗೆರೆ ದಾಟಿ, ಬಗ್ಗಿ, ಮೊಣಕಾಲ ಮೇಲೆ ಕೈಯಿಟ್ಟು ನಿಂತಳು.

"ಆರು!" ಎಂದೆ ನಾನು.

"ಏಳು," ಎಂದ ಸಿದ್ರಾಮ.

"ನಾ ಎಣಿಸೀನಿ."

"ನೀ ಎಣಿಸಿದ್ದಕ್ಕೇ ಅಂಜಿಕಿ ಬರಾಕತ್ತದ ನನಗ."

ಪಟ್ಟಿ ಅಂಟಿಸುವವರೆಗೆ ಅರ್ಧ ತಾಸು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪಟ್ಟಿ ಬಂತು. ಆರನೆಯ ಹೆಸರು ಅವಳದು. ಸಿದ್ರಾಮ ಅದನ್ನು ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಎಣಿಸಿದ, ಆಮೇಲೆ ಮಗಳ ಕಡೆ ಹೋಗಿ, ಶಹಬ್ಬಾಸ್ ಎನ್ನುವ ಬದಲು ಕೆಳಗೆ ಕೂತು ಅವಳ ಬಲಗಾಲಿನ ಎಲುಬನ್ನು ಹೆಬ್ಬೆಟ್ಟಿನಿಂದ ಒತ್ತಿದ.

"ಬ್ಯಾನಿ?"

"ಇಲ್ಲಪಾ."

"ಖರೆ ಹೇಳು."

"ಖರೇನೇ ಇಲ್ಲ."

ಈ ಕಥನ ಬರೆಯಲು ಕೂತಾಗ ನನ್ನ ನೆನಪನ್ನೇ ನಂಬುವುದು ಬೇಡವೆಂದು ಸವಿತಾಳ ನೋಟ್‌ಬುಕ್ಕು ಕೇಳಿ ತಂದೆ. ಆಯ್ಕೆಯ ದಿನದ ಸಾಲು ಹೀಗಿದೆ: 'ಜೋರು. ಆರನೇ ನಂಬರ. ಕಾಲು ಬ್ಯಾನಿ ಇಲ್ಲ.'

ಅದರ ಮರುದಿನದ್ದು ಸ್ವಲ್ಪ ಉದ್ದ: 'ನಿಧಾನ. ಬಂಡಿ ಹಿಂದ. ಕಾಕಾ ಹುಮನಾಬಾದ್ ಟು ಕಲ್ಯಾಣ ಓಡಿದ ಕಥಿ ಹೇಳಿದ್ರು. ಈ ಸಲ ಭಜಿ ಸುದ್ದಾ ಇತ್ತು.'